ಚಿತ್ರವೊಂದನ್ನು ಬಿಟ್ಟು ಮಿಕ್ಕೆಲ್ಲ ಒಯ್ದ ಸಿಪಾಯಿಯವರಿಗೆ

ಸಾಲ್ಮಿಯಾ, ಕುವೈತ್
ನವೆಂಬರ್ 1991

ಮಾನ್ಯ ಸಿಪಾಯಿಯವರೇ,

ತಮ್ಮ ಹೆಸರಾಗಲಿ ವಿಳಾಸವಾಗಲಿ ನನಗೆ ತಿಳಿಯದು, ತಮ್ಮ ಸೇನೆ ಹಿಂದಿರುಗಿದ ದೇಶಕ್ಕೆ ಇಲ್ಲಿಂದ ಟಪಾಲೂ ಹೋಗುವುದಿಲ್ಲ. ಆದಕಾರಣ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಾವು, ತಮ್ಮ ಮನೆಯವರು, ಮತ್ತು ಈಗ ತಮ್ಮ ಮನೆಯಲ್ಲಿರುವ ನನ್ನ ಫ್ರಿಜ್ಜು, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಾನು ಕಜೆಟನ್ ಪಾಯಸ್, ಊರು ಮಂಗಳೂರಿನ ಕಂಕನಾಡಿ, ಉದ್ಯೋಗ ಇಲ್ಲಿನ ಕಂಪನಿಯೊಂದರಲ್ಲಿ ಟೈಪಿಸ್ಟು. ಕಳೆದ ವರ್ಷ ತಮ್ಮ ಸೇನೆ ಈ ದೇಶವನ್ನು ಹಿಡಿದು, ಸೆಪ್ಟೆಂಬರಿನಲ್ಲಿ ನಾನು ಜೀವ ಉಳಿದರೆ ಸಾಕೆಂದು ಬಸ್ಸು ಹತ್ತಿ ಅಮ್ಮಾನ್ ನಗರಕ್ಕೆ ಓಡಿದ ಮೇಲೆ, ತಾವು ಎರಡನೇ ಮಹಡಿಯ ನನ್ನ ಮನೆಗೆ ದಯಮಾಡಿಸಿ ಟೀವಿ, ಹಾಸಿಗೆ, ಹೊಲಿಗೆ ಯಂತ್ರ, ಬಚ್ಚಲಿನ ನಲ್ಲಿ, ಕಡೆಗೆ ಬಾಗಿಲಿನ ಚಿಲಕವನ್ನೂ ಸಾಗಿಸಿದಿರಿ. ಅಬ್ಬಬ್ಬಾ, ಏನು ಶ್ರದ್ಧೆ! ನಮ್ಮ ಕಂಪನಿಯ ಸಾಮಾನು ಸಾಗಿಸುವವರಿಗೆ ತಮ್ಮಿಂದ ಒಂದು ವಾರ ತರಬೇತಿ ಕೊಡಿಸಬೇಕು ಎನ್ನುವಷ್ಟು ಮೆಚ್ಚಿದ್ದೇನೆ. ನನ್ನ ದೂರು ತಾವು ಒಯ್ದದ್ದರ ಬಗ್ಗೆ ಅಲ್ಲವೇ ಅಲ್ಲ, ಬಿಟ್ಟುಹೋದದ್ದರ ಬಗ್ಗೆ.

ಗೋಡೆಯ ಮೇಲೊಂದು ಚಿತ್ರವಿತ್ತು, ನೆನಪಿದೆಯೇ? ಯಾರದೋ ಬಟ್ಟೆಗೆ ಇಸ್ತ್ರಿ ಹಾಕುತ್ತಿರುವ ಕಪ್ಪು ಹೆಂಗಸು ತಲೆಯೆತ್ತಿ ನೇರ ನಮ್ಮನ್ನೇ ನೋಡುತ್ತಾಳೆ. ಅದು ಮೇಲಿನ ಮನೆಯ ಮಿಸ್ ಲೊರೆಟ್ಟಾ ಅವರದು. ಅಮೆರಿಕದ ಕಪ್ಪು ಜನಾಂಗದ ಈ ಟೀಚರು ಬೇಸಿಗೆ ರಜೆಗೆ ಊರಿಗೆ ಹೋಗುವಾಗ, ತನ್ನ ಏಸಿ ಕೆಟ್ಟಿದೆ, ಸೆಕೆಗೆ ಬಣ್ಣ ಬಿರಿದೀತು ಎಂದು ನನ್ನ ಗೋಡೆಗೆ ತೂಗುಹಾಕಿ ಹೋಗಿದ್ದರು. ಬರೆದವರು ಅವರ ಅಪ್ಪ ಅಮೋಸ್ ಟಿಲ್ಮನ್, ಶಿಕಾಗೋದ ರೈಲುಗಳಲ್ಲಿ ಊರಿನವರ ಪೆಟ್ಟಿಗೆಗಳನ್ನೆಲ್ಲ ಹೊತ್ತು, ರಜೆಯ ದಿನ ಚಿತ್ರ ಬರೆದು, ಎಲ್ಲಿಯೂ ಹೆಸರು ಅಚ್ಚಾಗದೆ ತೀರಿಕೊಂಡವರು. ಹರಾಜಿನ ಕ್ಯಾಟಲಾಗಿನಲ್ಲಿ ಒಮ್ಮೆಯಾದರೂ ಅಪ್ಪನ ಹೆಸರು ಬರಬೇಕೆಂಬುದು ಆ ಮಗಳ ಆಸೆ. ಯುದ್ಧ ಮುಗಿದು ವಾಪಸು ಬಂದಾಗ, ಎಲ್ಲ ಹೋದ ಮನೆಯಲ್ಲಿ ಇದೊಂದು ಉಳಿದದ್ದು ಕಂಡು ನಾನು ಮಕ್ಕಳ ಹಾಗೆ ಕುಣಿದೆ.

ಕುಣಿದದ್ದೇ ತಪ್ಪಾಯಿತು. ಯುದ್ಧದಲ್ಲಿ ಹಾಳಾದ ವಸ್ತುಗಳಿಗೆ ಬೆಲೆ ಕಟ್ಟಲು ನ್ಯೂಯಾರ್ಕಿನ ಹರಾಜು ಕಂಪನಿಯೊಂದರ ತಜ್ಞರು ಬಂದಿದ್ದಾರೆಂದು ತಿಳಿದು, ಅಮೆರಿಕದಿಂದ ಮರಳಿದ್ದ ಮಿಸ್ ಲೊರೆಟ್ಟಾ ಮತ್ತು ನಾನು ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅವರ ಹೋಟೆಲಿಗೆ ಹೊತ್ತೊಯ್ದೆವು. ಆ ಮಹನೀಯರು ಕಾಲು ಗಂಟೆ ಭೂತಗನ್ನಡಿ ಹಿಡಿದು ನೋಡಿ ಅಪ್ಪಣೆ ಕೊಡಿಸಿದ್ದೇನೆಂದರೆ, ಇಂಥ ಕಪ್ಪು ಕಲಾವಿದರ ಚಿತ್ರಗಳು ಹರಾಜಿನಲ್ಲಿ ಹೆಚ್ಚು ಮಾರಾಟವಾಗಿಲ್ಲವಾದ್ದರಿಂದ ಬೆಲೆ ಹೇಳಲಾಗದು, ಬೆಲೆ ಹೇಳಲಾಗದ್ದರಿಂದ ಹರಾಜಿಗೆ ತರುವುದೂ ಕಷ್ಟ. ಸಾಲದ್ದಕ್ಕೆ, ನಲ್ಲಿಯನ್ನೂ ಬಿಡದ ಲೂಟಿಯಲ್ಲಿ ಅಸಲಿ ಚಿತ್ರ ಉಳಿದೀತೇ, ಯಾರೋ ನಕಲು ಇಟ್ಟು ಹೋಗಿರಬೇಕು ಎಂಬ ಅನುಮಾನ ಬೇರೆ. ಹರಾಜಿಗೆ ತರಲೇಬೇಕೆಂದರೆ ಆ ತಿಂಗಳುಗಳಲ್ಲಿ ಚಿತ್ರ ಯಾರ ವಶದಲ್ಲಿತ್ತೋ ಅವರ ಲಿಖಿತ ಹೇಳಿಕೆ ತರಬೇಕು, ಇಲ್ಲವಾದರೆ ಕ್ಯಾಟಲಾಗಿನಲ್ಲಿ ಅಮೋಸ್ ಟಿಲ್ಮನ್ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಅಚ್ಚು ಮಾಡುವುದಂತೆ. ಮಿಸ್ ಲೊರೆಟ್ಟಾ ಬೆಡ್‌ಶೀಟು ಬಿಡಿಸಿ ಮತ್ತೆ ಚಿತ್ರಕ್ಕೆ ಸುತ್ತತೊಡಗಿದರು.

ಅಲ್ಲ ಮಾರಾಯ್ರೇ, ವಶದಲ್ಲಿದ್ದವರೆಂದರೆ ತಾವೇ ಅಲ್ಲವೇ? ಆದ್ದರಿಂದ ದಯವಿಟ್ಟು, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆಯಲ್ಲಿ ಬರುವ ಪ್ರಾಣಿ ತಾವೇ ಎಂದು ಮೂರು ಪ್ರತಿಗಳಲ್ಲಿ ಬರೆದು, ಮೇಲಧಿಕಾರಿಯ ಮೊಹರು ಹಾಕಿಸಿ ಕಳಿಸಿಕೊಡಬೇಕಾಗಿ ವಿನಂತಿ. ಪ್ರತಿಯಾಗಿ, ತಾವು ಒಯ್ದ ಪ್ರೆಷರ್ ಕುಕ್ಕರಿನ ವೆಯ್ಟನ್ನು ಕಳಿಸುವೆ. ಅದು ಡ್ರಾಯರಿನಲ್ಲೇ ಉಳಿದಿದೆ, ಇಷ್ಟು ದಿನ ತಮ್ಮ ಮನೆಯಲ್ಲಿ ಬೇಳೆ ಬೆಂದಿರಲಾರದು.

ಇಷ್ಟು ಟೈಪು ಮಾಡಿದ್ದೆ. ಅಷ್ಟರಲ್ಲಿ ನೆಲಮಹಡಿಯ ಅಲೀಮಮ್ಮ, ಆ ಕಷ್ಟದಲ್ಲೂ ಕಟ್ಟಡ ಬಿಡದೆ ಉಳಿದಿದ್ದ ಉಳ್ಳಾಲದ ಹೆಂಗಸು, ನಮ್ಮ ಗೋಳು ಕೇಳಿ ತಾವು ಬಂದ ದಿನ ಮೆಟ್ಟಿಲ ಮೇಲಿಂದ ಕಂಡದ್ದನ್ನು ಹೇಳಿದರು. ತಾವು ಒಳಬಂದವರೇ ಆ ಚಿತ್ರದೆದುರು ನಿಂತಿರಂತೆ. ಆಮೇಲೆ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಿರಂತೆ. ಅನಂತರವೇ ಫ್ರಿಜ್ಜಿಗೆ ಕೈ ಹಾಕಿದ್ದಂತೆ. ಹೌದು, ನಾನು ವಾಪಸು ಬಂದಾಗಲೂ ಅದು ಹಾಗೇ ಇತ್ತು, ತಾವು ಬೆಲೆ ಏನಾದರೂ ಬರೆದಿದೆಯೋ ಎಂದು ಹಿಂಬದಿ ನೋಡಿದಿರೆಂದುಕೊಂಡಿದ್ದೆ. ಕಾಲು ಗಂಟೆ ನೋಡಿದ ತಜ್ಞರಿಗೆ ಚಿತ್ರದ ಹೆಂಗಸು ನೋಡುವವರನ್ನೇ ನೋಡುತ್ತಿದ್ದಾಳೆಂದು ಗೊತ್ತಾಗಲಿಲ್ಲ, ತಮಗೆ ಒಂದೇ ನಿಮಿಷಕ್ಕೆ ಗೊತ್ತಾಯಿತು. ಮಿಸ್ ಲೊರೆಟ್ಟಾ ಇದನ್ನು ಕೇಳಿ ಅತ್ತರು, ಕಣ್ಣೊರೆಸಿಕೊಂಡು ಜೋರಾಗಿ ನಕ್ಕರು. ಕತ್ತೆಯ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ, ಹೇಳಿಕೆಯೂ ಬೇಡ.

ಬಾಗಿಲಿಗೆ ಹೊಸ ಚಿಲಕ ಹಾಕಿಸಿಕೊಂಡಿರುವ,
ತಮ್ಮ ವಿಶ್ವಾಸಿ
ಕಜೆಟನ್ ಪಾಯಸ್

ತಾ.ಕ.: ಮಿಸ್ ಲೊರೆಟ್ಟಾ ಚಿತ್ರವನ್ನು ಹರಾಜಿಗೆ ಕೊಡುವುದಿಲ್ಲವೆಂದು ತಜ್ಞರಿಗೆ ಬರೆದುಬಿಟ್ಟರು. ಕ್ಯಾಟಲಾಗಿನ ಪುಟವನ್ನು ನಾನೇ ಟೈಪು ಮಾಡಿ ಚಿತ್ರದ ಹಿಂಬದಿಗೆ ಅಂಟಿಸಿದ್ದೇನೆ: ಬರೆದವರು ಅಮೋಸ್ ಟಿಲ್ಮನ್, ವಶದಲ್ಲಿದ್ದವರು ಮಗಳು ಲೊರೆಟ್ಟಾ, ನೆರೆಯ ಕಜೆಟನ್ ಪಾಯಸ್, ಮತ್ತು ತಾವು. ಪ್ರಶ್ನಾರ್ಥಕ ಚಿಹ್ನೆಯೂ ಹಾಳಾಗಲಿಲ್ಲ; ತಮ್ಮ ಹೆಸರು ಬರಬೇಕಾದ ಜಾಗದಲ್ಲಿ ಅದನ್ನೇ ಒತ್ತಿದ್ದೇನೆ.