ಅಜ್ಜಿ ದಾಟಬೇಕಾದ ರಸ್ತೆ

ಒಂದಾನೊಂದು ಊರಲ್ಲಿ ಒಬ್ಬ ಗುಮಾಸ್ತನಿದ್ದ. ಕತೆಗಳ ರಾಜಕುಮಾರರು ಏಳು ಸಮುದ್ರ ದಾಟುತ್ತಾರೆ. ಇವನ ಅಜ್ಜಿಗೆ ದಾಟಬೇಕಾದದ್ದು ಒಂದೇ ರಸ್ತೆ. ಆಚೆ ಬದಿಯ ಮನೆಯಲ್ಲಿ ಅವಳ ತಂಗಿ ಇದ್ದಳು. ಮೂರು ತಿಂಗಳಿಂದ ಇಬ್ಬರೂ ಕಿಟಕಿಯಿಂದಲೇ ಕೈಬೀಸಿಕೊಳ್ಳುತ್ತಿದ್ದರು. ನಡುವೆ ವಾಹನಗಳು ಬಿಟ್ಟ ಬಾಣದಂತೆ ಹಾರುತ್ತಿದ್ದವು.

"ಇವತ್ತು ಸಂಜೆಯೊಳಗೆ ದಾಟಿಸ್ತೀನಜ್ಜಿ, ನಿನ್ನಾಣೆ!" ಎಂದು ಬೆಳಿಗ್ಗೆ ಮಾತು ಕೊಟ್ಟ. ಹೊಸ ರಸ್ತೆ ಸುರಕ್ಷತಾ ಕಾನೂನಿನ ಕರಡು ಅವನ ಮೇಜಿನ ಮೇಲೇ ಇತ್ತಲ್ಲ! ಕಚೇರಿಗೆ ಹೋದವನೇ ಬರೆದ: 'ಪಾದಚಾರಿ ರಸ್ತೆಗಿಳಿದರೆ ವಾಹನ ನಿಲ್ಲಬೇಕು.'

ಹನ್ನೊಂದಕ್ಕೆ ಕರಡಿನ ಸುದ್ದಿ ಕೇಳಿ ಊರಿನ ಸಂಘಗಳವರೆಲ್ಲ ನುಗ್ಗಿದರು. ಆ ಕಚೇರಿಯದೊಂದು ಪದ್ಧತಿ: ಪದ ಅಳಿಸಲು ಮಂತ್ರಿಗಳ ರುಜು ಬೇಕು, ಸೇರಿಸಲು ಯಾರ ಅಪ್ಪಣೆಯೂ ಬೇಡ.

"ಸುಮ್ನೆ ಇಳಿದ್ರೆ ನಿಲ್ಲೋಕಾಗುತ್ತೇನ್ರೀ? ಕೆಂಪು ಬಾವುಟ ತೋರಿಸಿದ್ರೆ ಅಂತ ಸೇರ್ಸಿ," ಎಂದ ಚಾಲಕರ ಸಂಘದ ಅಧ್ಯಕ್ಷ.

"ತಲೆ ಒಡೆದ್ರೆ? ನಡೆಯೋರಿಗೂ ಹೆಲ್ಮೆಟ್!" ಎಂದಳು ತಲೆ ರಕ್ಷಣಾ ವೇದಿಕೆಯಾಕೆ.

"ನಮಗೆ ಬೆಲ್ ಇದೆ, ಅವರಿಗ್ಯಾಕಿಲ್ಲ?" ಸೈಕಲಿನವರ ತಕರಾರು.

ಪಾದಚಾರಿ ಸಂಘದ ಮುದುಕರು ಚಾಲಕರನ್ನು ಕೆಕ್ಕರಿಸಿ ನೋಡುತ್ತ ಮೇಜು ಗುದ್ದಿದರು. "ತಪ್ಪು ಮಾಡಿದೋರು ಕತ್ತಲಾಗೋವರೆಗೆ ಬಾವುಟ ಹಿಡಿದು ನಡುರಸ್ತೇಲಿ ನಿಲ್ಬೇಕು!"

ಸೇರಿಸಿ ಸೇರಿಸಿ ಗುಮಾಸ್ತನ ಸಾಲು ಹನುಮಂತನ ಬಾಲವಾಯಿತು.

"ಭೇಷ್, ಎಲ್ಲರಿಗೂ ಒಪ್ಪಿಗೆ!" ಸಾಹೇಬರು ಹಿಗ್ಗಿದರು. "ವಾಡಿಕೆಯಂತೆ ಬರೆದವನ ಬೀದಿಯಲ್ಲೇ ಮೊದಲ ಪರೀಕ್ಷೆ. ಇವತ್ತೇ!"

ಅಜ್ಜಿಗೆ ಹೆಲ್ಮೆಟ್ಟು, ಬೆಲ್ಲು, ಬಾವುಟ ಎಲ್ಲಿಂದ ತರುವುದು? ಸಂಜೆ ಬಸ್ಸಿಳಿದಾಗಲೂ ಗುಮಾಸ್ತ ಅದೇ ಚಿಂತೆಯಲ್ಲಿದ್ದ. ರಸ್ತೆಯ ಎದುರು ಬದಿ, ತಮ್ಮ ಮನೆಯ ಮುಂದೆ, ಸೆರಗು ಸಿಕ್ಕಿಸಿ ಸಿದ್ಧಳಾಗಿ ನಿಂತ ಅಜ್ಜಿ ಕಂಡಳು. ಮೈಮರೆತು ರಸ್ತೆಗಿಳಿದ.

"ಏಯ್! ಹೆಲ್ಮೆಟ್ ಎಲ್ರೀ? ಬೆಲ್ಲು? ಬಾವುಟ?" ಪೊಲೀಸ್ ಪೇದೆ ತೋಳು ಹಿಡಿದ.

"ಸ್ವಾಮೀ, ಅದನ್ನ ಬರೆದವ್ನೇ ನಾನು!"

"ಹಾಗಾದ್ರೆ ಗೊತ್ತಿದ್ದೂ ಮಾಡಿದ್ದೀರಿ!"

ಅಲ್ಲೇ ಶಿಕ್ಷೆ ಜಾರಿ: ಗುಮಾಸ್ತ ನಡುರಸ್ತೆಯಲ್ಲಿ ನಿಂತ. ಕೈಯಲ್ಲಿ ಕೆಂಪು ಬಾವುಟ. ಕಿರ್ರನೆ ಬ್ರೇಕು ಕಿರುಚಿ ಎರಡೂ ಕಡೆಯ ವಾಹನಗಳು ಗರಬಡಿದಂತೆ ನಿಂತವು. ಆ ನಿಶ್ಶಬ್ದದಲ್ಲಿ ಅಜ್ಜಿ ಬರಿದಲೆಯಲ್ಲಿ, ಮದುಮಗಳ ಠೀವಿಯಲ್ಲಿ ನಡೆದು ಬಂದಳು.

"ಕೊಟ್ಟ ಮಾತು ಉಳಿಸ್ಕೊಂಡೆ ಕಣೋ ಮಗಾ," ಎಂದು ಮೊಮ್ಮಗನ ಕೆನ್ನೆ ಸವರಿದಳು.

ಪೇದೆ ಬಾಯಿ ಬಿಟ್ಟ. "ಅಜ್ಜೀ, ಹೆಲ್ಮೆಟ್ಟು?"

"ನಂಗೆ ಓದೋಕೆ ಬರಲ್ಲಪ್ಪ. ನನ್ನ ತಪ್ಪನ್ನೂ ಅವನ ತಲೆಗೇ ಕಟ್ಟು, ನಾಳೇನೂ ಇಲ್ಲೇ ನಿಲ್ಲಲಿ. ಹೇಗೂ ನಾಳೆ ಸಂಜೆ ನಾನು ವಾಪಸ್ ಬರ್ಬೇಕಲ್ಲ!"

ಆಚೆ ಬದಿಯಲ್ಲಿ ತಂಗಿ ಬಾಗಿಲು ತೆರೆದಳು.