ಗವರ್ನರನ ಕೌನ್ಸಿಲ್ಲು, ದೇಹೂ ರೋಡಿನ ಅಜ್ಜಿ

ಬ್ರಿಟಿಷರು ಹೋಗಿ ಎಷ್ಟೋ ವರ್ಷ ಆತು, ಆದ್ರ ಅವರ ಕೌನ್ಸಿಲ್ಲು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಮರಾಠಿ ಸೀಮಿಯ ಕಾತ್ರಜದಾಗ ಸರಕಾರಿ ನೌಕರಿ ಪರೀಕ್ಷಾಕ್ಕ ಕೂಡೋ ಹುಡುಗರಿಗೆ ಇತಿಹಾಸ ಹೇಳಿಕೊಡ್ತೀನಿ. ಆ ಪಾಠ ಬಂತಂದ್ರ ಏನರೆ ಒಂದು ಆಗೇ ಆಗ್ತದ.

ಪಾಠ

ಗವರ್ನರ, ಅವನ ಅಧಿಕಾರಿಗಳು, ಅಂವ ತಾನ ನೇಮಿಸಿದ ಸದಸ್ಯರು, ಮೂಲ್ಯಾಗ ಚುನಾವಣೆ ಗೆದ್ದು ಬಂದ ನಾಕು ಮಂದಿ. ಇದನ್ನ ಬೋರ್ಡಿನ ಮ್ಯಾಲೆ ಬರದ್ರ ಯಾರ ತಲಿಗೂ ಹೋಗಂಗಿಲ್ಲ. ಅದಕ್ಕ ಒಮ್ಮೆ ನಾಟಕ ಆಡಿಸಿದೆ. ಎಂದೂ ಬಾಯಿ ಬಿಡದ ಒಬ್ಬನ್ನ ಗವರ್ನರ ಮಾಡಿ, "ನಿನ್ನ ಸದಸ್ಯರನ್ನ ನೀನ ಆರಿಸ್ಕೊ" ಅಂದೆ. ಪುಣ್ಯಾತ್ಮ, ತನ್ನ ರೂಮಿನ ಗೆಳೆಯರನ್ನಷ್ಟ ಆರಿಸಿದ. ಉಳದವರು ಮತಾ ಹಾಕಿ ನಾಕು ಮಂದಿನ್ನ ಗೆಲ್ಲಿಸಿ ಕಳಿಸಿದ್ರು. ಶನಿವಾರದ ಟೆಸ್ಟು ಬ್ಯಾಡ ಅಂತ ಗೆದ್ದು ಬಂದವರು ಗಂಟಲು ಹರ್ಕೊಂಡು ವಾದಿಸಿದ್ರು. ಗವರ್ನರ ನನ್ನ ಮುಖ ನೋಡಿ, "ಟೆಸ್ಟು ಇರಲಿ" ಅಂದ. ಅವನ ಮಂದಿ ತೂಕಡಿಸ್ತಾನ ಕೈ ಎತ್ತಿದ್ರು.

ಇದು ಶುದ್ಧ ಅನ್ಯಾಯ ಅಂತ ಉಳದವರು ಮರಾಠಿಯೊಳಗ ಗದ್ದಲ ಹಾಕಿದ್ರು.

"ಹಾಂ, ಈಗ ಪಾಠ ತಿಳೀತು" ಅಂದೆ.

ಖಾತೆ

ಅದ ಕ್ಲಾಸಿನ್ಯಾಗ ಬೆಳಗಾವಿ ಕಡೆ ಮನೆತನದ ಒಬ್ಬ ಹುಡುಗಿ, ದೇಹೂ ರೋಡ್ ಅನ್ನೂ ದೂರದ ಊರಿನಿಂದ ಬರಾಕಿ. ಅಕಿ ಅಂದ್ರ ನನಗ ಭಾಳ ಜೀವ. ಹೋದ ಸಲ ಪರೀಕ್ಷಾ ಸ್ವಲ್ಪದ್ರಾಗ ತಪ್ಪಿತ್ತು. ಒಮ್ಮಿಂದೊಮ್ಮೆ ಕ್ಲಾಸಿಗೆ ಬರೂದು ಬಿಟ್ಲು. ಫೋನ್ ಮಾಡಿದೆ.

"ಓದು ಬಿಡಿಸಿ ಲಗ್ನ ಮಾಡೂದೋ ಹ್ಯಾಂಗ ಅಂತ ಐತವಾರ ನಮ್ಮ ಮನ್ಯಾಗ ಸಭಾ ಅದರಿ, ಮೇಡಂ."

"ಸಭಾದಾಗ ಯಾರ್ಯಾರು?"

"ಅಪ್ಪ, ಕಾಕಾ, ಅಜ್ಜಿ."

"ಮತ್ತ ನೀನು?"

"ನಂದು ಚಹಾ ಖಾತೆರಿ."

ನಕ್ಕೆ. ಫೋನ್ ಇಟ್ಟ ಮ್ಯಾಲೆ ಮಾತ್ರ ದೇಹೂ ರೋಡಿಗೆ ಯಾವ ಬಸ್ಸು ಹೋಗ್ತದ ಅಂತ ಹುಡುಕಿದೆ.

ಸಭಾ

ಐತವಾರ ಸ್ವಾರಗೇಟಿಗೆ ಬಂದು, ಬಸ್ ಬದಲಿಸಿ, ಅವರ ಮನಿಗೆ ಹೋದೆ. ಕರೀಲಾರದ ಹೋದಾಕಿ ನಾ. ಆದ್ರೂ ಅಜ್ಜಿ, "ಬರ್ರಿ, ಕೂಡ್ರಿ" ಅಂತ ತಮ್ಮ ಮಂಚದ ಮ್ಯಾಲೇ ಜಾಗಾ ಕೊಟ್ರು. ಓದಿದ್ದು ಸಾಕು ಅಂತ ಅಪ್ಪ ಅಂದ್ರು. ಅಣ್ಣ ಅಂದದ್ದ ಖರೆ ಅಂತ ಕಾಕಾ ಅಂದ್ರು. ಆತು, ಮುಗೀತು ಅನಕೊಂಡೆ.

"ಏನ್ ಕಲಸ್ತೀರಿ ಬಾಯಾರ, ಇಕಿಗೆ?" ಅಜ್ಜಿ ನನ್ನ ಕೇಳಿದ್ರು.

"ಗವರ್ನರನ ಕೌನ್ಸಿಲ್ಲು ನಡದದರಿ. ಗವರ್ನರ ಅಂದ್ರ ಹಿರ್ಯಾ, ಕೌನ್ಸಿಲ್ಲಿನವರು ಅವಗ ಸಲಹಾ ಕೊಡವರು."

"ಅವರೆಲ್ಲಾ ಒಂದಾಗಿ ಬ್ಯಾಡ ಅಂದ್ರ?"

ಚಹಾದ ಟ್ರೇ ಹಿಡಕೊಂಡು ಬಾಗಲದಾಗ ನಿಂತಿದ್ದ ಹುಡುಗಿ ಉತ್ತರಾ ಕೊಟ್ಲು. "ಅವರ ಮಾತು ಬದಿಗಿಟ್ಟು ಗವರ್ನರ ತನಗ ತಿಳದಂಗ ಮಾಡಬಹುದಿತ್ತು, ಅಜ್ಜಿ. ಕಾರಣ ಬರದಿಡಬೇಕಿತ್ತು, ಅಷ್ಟ."

ಅಜ್ಜಿ ಮೊಮ್ಮಗಳ ಟ್ರೇದಾಗಿಂದ ಒಂದು ಕಪ್ಪು ತಗೊಂಡು ಗುಟುಕು ಕುಡದ್ರು. ಆಮ್ಯಾಲೆ ಅವರು ದೊಡ್ಡ ಮಗನ ಕಡೆ ತಿರುಗಿದ್ರು.

"ಬರ್ಕೊಳಪಾ. ಹುಡುಗಿ ಓದತಾಳ."

"ಕಾರಣ ಏನಬೇ ಯವ್ವಾ?"

"ನಾ ಹೇಳೇನಿ ಅಂತ ಬರಿ."