ಬೆರಳಿನ ಕೆಳಗಿನ ಸಾಲು

ನಾನು ಅನುಮಾನದ ಮನುಷ್ಯ. ಸಿಂದಗಿ ಬಸ್ ನಿಲ್ದಾಣದಲ್ಲಿ ಬೋರ್ಡ್ ಓದಿ, ಕಂಡಕ್ಟರನ್ನು ಕೇಳಿ, ಸೀಟು ಹಿಡಿದು ಕೂತ ಮೇಲೂ ‘ಇದು ಇಂಡಿಗೇ ಹೋಗುತ್ತದಲ್ಲ?’ ಎಂದು ಪಕ್ಕದವರನ್ನು ವಿಚಾರಿಸದೆ ನನಗೆ ಸಮಾಧಾನವಿಲ್ಲ. ಇಂಥವನು ಕಂಪ್ಯೂಟರಿನ ತಂಟೆಗೆ ಹೋಗಬಾರದಿತ್ತು. ಹೂವಿನ ಹಿಪ್ಪರಗಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಂಡಿದ್ದವನು ಬಿಡುವಿನಲ್ಲಿ ಒಂದು ಪ್ರೋಗ್ರಾಂ ಬರೆದೆ. ಅದು ದಿನಾ ಸಂಜೆ ಹವಾಮಾನದ ಜಾಲತಾಣವೊಂದರಿಂದ ಮರುದಿನದ ಮಳೆಯ ಸೂಚನೆ ತಂದು, ಕನ್ನೊಳ್ಳಿಯಲ್ಲಿರುವ ನನ್ನ ಅಕ್ಕ ಗಂಗವ್ವನ ಫೋನಿಗೆ ಕಳಿಸುತ್ತದೆ. ಜಾಲತಾಣದವರು ಕೊಟ್ಟ ಉದ್ದನೆಯ ಗುಪ್ತ ಅಕ್ಷರಗಳನ್ನು, ಅಂದರೆ ಎಪಿಐ ಕೀಯನ್ನು, ತೋರಿಸಿದರೆ ಮಾತ್ರ ಆ ಜಾಲತಾಣ ಬಾಯಿ ಬಿಡುತ್ತದೆ.

ಆ ಕೀಯನ್ನು ಮೊದಲು ಹಾಕಿಕೊಟ್ಟವರು ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕಿ ಶಿವಲೀಲಾ. ಹಾಗಾದರೆ ಅದು ಅವರಿಗೂ ಗೊತ್ತಲ್ಲ ಎಂದು ಒಂದು ಬೆಳಿಗ್ಗೆ ನನಗೆ ಹೊಳೆಯಿತು. ನನ್ನ ಕೀ ಹಿಡಿದು ಆಕೆ ಯಾವ ಊರಿನ ಮಳೆ ನೋಡುತ್ತಿದ್ದಾರೋ! ತಕ್ಷಣ ಹಳೆಯದನ್ನು ರದ್ದುಮಾಡಿ, ಹೊಸ ಕೀ ಪಡೆದು, ಬಾಗಿಲು ಹಾಕಿಕೊಂಡು, ಪ್ರೋಗ್ರಾಂ ಓದಿಕೊಳ್ಳಲೆಂದು ಹೊಸ ಕಡತದಲ್ಲಿ ಬರೆದಿಟ್ಟೆ. ಪ್ರೋಗ್ರಾಂ ಓಡಿಸಿದರೆ ‘೪೦೧: ನೀವು ಅಧಿಕೃತರಲ್ಲ’ ಎಂದಿತು. ನನ್ನದೇ ಕೀ, ನನಗೇ ಈ ಮಾತು. ಅತ್ತ ಅಕ್ಕನ ಕಣದಲ್ಲಿ ತೊಗರಿ ಹರವಿತ್ತು, ಇತ್ತ ಮೋಡ ಕವಿಯುತ್ತಿತ್ತು. ಸಂಜೆಗೆ ಸುದ್ದಿ ಮುಟ್ಟದಿದ್ದರೆ ವರ್ಷದ ಬೆಳೆ ನೆನೆದುಹೋಗುತ್ತದೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ‘ನಡೆಯುತ್ತಿಲ್ಲ, ಏನು ಮಾಡಲಿ?’ ಎಂದಷ್ಟೇ ಹಾಕಿದೆ. ಹೆಚ್ಚು ಹೇಳಿದರೆ ಗುಟ್ಟು ರಟ್ಟಾಗದೇ? ಮುದ್ದೇಬಿಹಾಳದ ಗೆಳೆಯರೊಬ್ಬರು ಬ್ಯಾಟರಿ ಬದಲಿಸಿ ಎಂದರು. ಇನ್ನೊಬ್ಬರು ಮೊಣಕಾಲಿನ ಡಾಕ್ಟರರ ವಿಳಾಸ ಕಳಿಸಿದರು. ಕೊನೆಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಶಿವಲೀಲಾ ಅವರ ಮುಂದೆಯೇ ನಿಲ್ಲಬೇಕಾಯಿತು. ಏನೆಂದು ಸಂದೇಶ ಬಂತು, ಈಚೆಗೆ ಏನು ಬದಲಿಸಿದಿರಿ, ಕಡತ ಹೇಗಿದೆ ಎಂದು ಅವರು ಒಂದೊಂದಾಗಿ ಕೇಳಿದರು. ನನಗೆ ಅದು ಠಾಣೆಯ ವಿಚಾರಣೆಯಂತೆ ಕೇಳಿಸಿತು. ಕಡತ ತೆರೆದವನೇ ಪರದೆಯ ಮೇಲೆ ಇಡೀ ಅಂಗೈ ಒತ್ತಿ ಹಿಡಿದೆ.

“ಕೀ ಮುಚ್ಚಿದ್ದು ಚಲೋ ಮಾಡೀರಿ ಸರ್, ಅದನ್ನ ಯಾರಿಗೂ ತೋರಿಸಬಾರದು,” ಎಂದರು. “ಆದ್ರ ಉಳಿದದ್ದೂ ಮುಚ್ಚಿಟ್ರ ನಾ ಏನಂತ ಹೇಳ್ಲಿ? ಮ್ಯಾಲಿನ ಬೆರಳು ತಗೀರಿ.”

ತೆಗೆದೆ. ನಮ್ಮ ಕಡೆ ಲಗ್ನಪತ್ರಿಕೆಯಿಂದ ಕಿರಾಣಿ ಚೀಟಿಯವರೆಗೆ ಎಲ್ಲದರ ನೆತ್ತಿಯ ಮೇಲೂ ಇರುವಂತೆ, ಮೊದಲ ಸಾಲಿನಲ್ಲಿ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದಿತ್ತು. ಹೊಸ ಹಾಳೆ ಕಂಡರೆ ನನ್ನ ಕೈ ತಾನಾಗಿ ಬರೆಯುವುದೇ ಅದನ್ನು. ಪ್ರೋಗ್ರಾಂ ಮೊದಲ ಸಾಲೇ ಕೀ ಎಂದು ನಂಬಿ, ಬೆಳಗಿನಿಂದ ಅದನ್ನೇ ಒಯ್ದು ತೋರಿಸುತ್ತಿತ್ತು. ಶಿವಲೀಲಾ ನಗಲಿಲ್ಲ, ನಕ್ಕಿದ್ದರೆ ನನ್ನ ನಾಚಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಮನಸ್ಸಿನಲ್ಲೇ ಬಸವಣ್ಣನ ಕ್ಷಮೆ ಕೇಳಿ ಸಾಲು ಅಳಿಸಿದೆ. ನಾಳೆ ಮುಂಜಾನೆ ಮಳೆ ಎಂಬ ಸೂಚನೆ ಬಂತು.

ಅಕ್ಕನಿಗೆ ಫೋನ್ ಮಾಡಿ, ಮೊದಲು ತೊಗರಿ ಮುಚ್ಚು ಎಂದು ಏದುಸಿರಿನಲ್ಲಿ ಹೇಳಿದೆ.

“ಮೋಡ ನೋಡಿ ಆಗಳೇ ತಾಡಪತ್ರಿ ಹೊಚ್ಚೇನಿ,” ಎಂದಳು. “ನಿನ್ನ ಮಷೀನಿನ ಮಾತು ನಂಬಿ ಯಾರು ಕೂಡ್ತಾರೋ ತಮ್ಮಾ?”

ಒಡಹುಟ್ಟಿದವನ ಮೇಲೂ ಇಷ್ಟು ಅನುಮಾನವೇ? ಈ ಕೆಟ್ಟ ಗುಣ ಅವಳಿಗೆ ಎಲ್ಲಿಂದ ಬಂತೋ, ನನಗಂತೂ ತಿಳಿಯದು.